ಬೋರಲು ಹಾಕಿದ ಲೋಟ

ಯಮುನಾಳಿಗೆ ಒಂದು ಹೆದರಿಕೆಯಿತ್ತು. ಸಣ್ಣದು. ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ. ಡೈರಿಯ ಪುಟದ ಮೂಲೆಯಲ್ಲಿ, ತನಗೇ ಕಾಣಬಾರದೆಂಬಂತೆ ಕಿರಿದಾದ ಅಕ್ಷರದಲ್ಲಿ ಬರೆದಿದ್ದಳು: 'ಅಪ್ಪ ಮರೆತು ಆಫೀಸಿನಲ್ಲಿ ನನ್ನನ್ನು ಅವ್ವಾ ಅಂತ ಕರೆದುಬಿಟ್ಟರೆ?'

ಬರೆದ ಮೇಲೆ ಹೊಡೆದುಹಾಕಬೇಕೆನ್ನಿಸಿತು. ಹಾಕಲಿಲ್ಲ. ಡೈರಿಗೂ ಸುಳ್ಳು ಹೇಳಿದರೆ ನಿಜಕ್ಕೆ ಜಾಗವೇ ಉಳಿಯುವುದಿಲ್ಲ ಎಂದು ಹಾಗೇ ಬಿಟ್ಟಳು.

ಆಫೀಸೆಂದರೆ ಚಿತ್ರದುರ್ಗದ ಬಸ್ ಸ್ಟ್ಯಾಂಡಿನಿಂದ ಎರಡು ರಸ್ತೆ ಆಚೆ ಒಂದು ಮಳಿಗೆ. 'ಹಸಿರುಸಿರಿ ಗಾರ್ಡನ್ ಸರ್ವಿಸ್. ಲಾನ್ ಕಟಿಂಗ್, ಗಿಡ ಸವರುವುದು. ಪ್ರೊಫೆಷನಲ್ ಮಾಲಿಗಳು ದೊರೆಯುತ್ತಾರೆ' ಎಂದು ಬೋರ್ಡು. ಮಾಲೀಕ ಶರಣ್ ಮೂವತ್ತೆರಡರವನು. ಗಿರಾಕಿಗಳ ಮುಂದೆ ಮಾತು ಬೆಣ್ಣೆ. ಹೊಸ ಬಡಾವಣೆಗಳ ದೊಡ್ಡ ಮನೆಗಳೆಲ್ಲ ಅವನ ಗಿರಾಕಿಗಳು. ಫೋನ್ ಎತ್ತುವುದು, ಚೀಟಿ ಬರೆಯುವುದು, ಮಾಲಿಗಳನ್ನು ಕಳಿಸುವುದು ಯಮುನಾಳ ಕೆಲಸ. ಬಿ.ಎ. ಮುಗಿಸಿ ಅವಳಿಗೆ ಸಿಕ್ಕ ಮೊದಲ ಕುರ್ಚಿ ಅದು.

ಸಂದರ್ಶನದಲ್ಲಿ ಶರಣ್ ಊರು ಕೇಳಿದ್ದ. "ಹಿರಿಯೂರಿನ ಹತ್ರ ಹರಿಯಬ್ಬೆ" ಎಂದಿದ್ದಳು. "ಓ, ಅಲ್ಲಿ ನಮ್ಮೋರು ಬಾಳ ಜನ ಅದಾರಲ್ಲ" ಎಂದು ಅವನು ನಕ್ಕ. ನಮ್ಮೋರು ಎಂದರೆ ಯಾರೆಂದು ಅವಳಿಗೆ ಗೊತ್ತಿತ್ತು. ತಾನು ಅವರಲ್ಲ ಎಂದು ಹೇಳಲು ಒಂದು ಗಳಿಗೆ ಸಿಕ್ಕಿತ್ತು. ತಲೆ ತಗ್ಗಿಸಿದಳು. ಆ ಗಳಿಗೆ ಹೋಯಿತು.

ಎರಡು ತಿಂಗಳ ಮೇಲೆ ಅದೇ ಮಳಿಗೆಯ ಕಿಟಕಿಯಾಚೆ ಜುಂಜಯ್ಯ ಬಂದು ನಿಂತ. ಇಪ್ಪತ್ತು ವರ್ಷ ದಾಳಿಂಬೆ ತೋಟಗಳಲ್ಲಿ ಗಿಡ ಸವರಿದ ಕೈ. ಯಾವ ಕಡ್ಡಿ ಕಾಯಿ ಹಿಡಿಯುತ್ತದೆ, ಯಾವುದು ಗಿಡದ ಜೀವ ತಿನ್ನುತ್ತದೆ ಎಂದು ಮುಟ್ಟಿದರೆ ತಿಳಿಯುತ್ತಿತ್ತು. ಶರಣ್ ಅವತ್ತೇ ಸೇರಿಸಿಕೊಂಡ. ಅವನು ಯಮುನಾಳ ಅಪ್ಪ ಎಂದು ಶರಣ್‌ಗೆ ಗೊತ್ತಾಗಲಿಲ್ಲ. ಗೊತ್ತಾಗಬಾರದು ಎಂದದ್ದು ಜುಂಜಯ್ಯನೇ.

"ಮಗಳು ಫ್ಯಾನಿನ ಕೆಳಗೆ, ಅಪ್ಪ ಮಿಷನ್ನಿನ ಹಿಂದೆ ಅಂದ್ರೆ ನಿನ್ ಕುರ್ಚಿ ಅಳ್ಳಾಡುತ್ತೆ ಕಣವ್ವಾ. ಅಲ್ಲಿ ನೀನು ಮೇಡಂ, ನಾನು ಮಾಲಿ. ಸಂಜೆ ಮನೆಯಾಗೆ ಬೇಕಾದ್ರೆ ಮುದ್ದೆ ಹಾಕು, ಬೈಯಿ."

ಇಬ್ಬರೂ ಒಂದೇ ಬಾಡಿಗೆ ಕೋಣೆಯಿಂದ ಹೊರಡುತ್ತಿದ್ದರು. ಅಪ್ಪ ಹತ್ತು ನಿಮಿಷ ಮೊದಲು. ಆಮೇಲೆ ಮಗಳು. ಆಫೀಸಿನ ಕಿಟಕಿಯ ಸರಳಿನ ಆಚೆ ಅಪ್ಪನ ಮುಖ, ಈಚೆ ಅವಳದು.

"ಇವತ್ತೆಲ್ಲಿಗೆ ಮೇಡಂ?"

"ಜುಂಜಯ್ಯ, ಕೆಳಗೋಟೆ. ಎರಡು ಲಾನ್."

ಮಾಲಿಗಳಿಗೆ ಒಳಗೆ ಪ್ರವೇಶವಿರಲಿಲ್ಲ. ಅವರಿಗೆ ನೀರು ಹೊರಗಿನ ಕ್ಯಾನಿನಲ್ಲಿ. ಅವಳು ಒಳಗಿನ ಫಿಲ್ಟರಿನ ನೀರು ಕುಡಿಯುತ್ತಿದ್ದಳು.

ಅವಳು ಬರೆಯುವ ಚೀಟಿಯ ಮೇಲ್ತುದಿಗೆ ಒಂದು ಚೌಕವಿತ್ತು. ಕೆಲವು ಮನೆಗಳಿಗೆ ಆ ಚೌಕದಲ್ಲಿ 'ಪೂ' ಎಂದು ಬರೆಯಬೇಕು. ಪೂ ಎಂದರೆ ಪೂಜೆ. ತುಳಸಿ, ಬಿಲ್ವ, ಕಣಗಿಲೆ, ಮಲ್ಲಿಗೆ, ದೇವರಿಗೆ ಏರುವ ಹೂವು ಪತ್ರೆಯ ಗಿಡಗಳನ್ನು ಮುಟ್ಟುವ ಕೆಲಸ. ಅದಕ್ಕೆ ಆರು ಮಾಲಿಗಳಲ್ಲಿ ಇಬ್ಬರೇ ಹೋಗಬೇಕು, ರಂಗಯ್ಯ ಮತ್ತು ಮಾರುತೇಶ್. ಉಳಿದ ನಾಲ್ವರು ಬರೀ ಹುಲ್ಲಿಗೆ. ಹುಲ್ಲಿಗೆ ಮೈಲಿಗೆಯಿಲ್ಲ. ಅದನ್ನು ನಾಯಿಯೂ ತುಳಿಯುತ್ತದೆ.

ಜಾತಿ ಎಂಬ ಮಾತನ್ನು ಅಲ್ಲಿ ಯಾರೂ ಆಡುತ್ತಿರಲಿಲ್ಲ. ಒಂದು ಅಕ್ಷರ ಸಾಕಿತ್ತು. "ನಾನು ಇಂಥದ್ದೆಲ್ಲ ನಂಬಲ್ಲ ಕಣಮ್ಮ" ಎಂದಿದ್ದ ಶರಣ್. "ಗಿರಾಕಿ ಕೇಳ್ತಾರೆ. ಕೊಡ್ತೀವಿ. ಅಷ್ಟೆ."

ಕಾಲೇಜಿನಲ್ಲಿ ಅವಳು ಅಸ್ಪೃಶ್ಯತೆ ನಿವಾರಣೆಯ ಮೇಲೆ ಐದು ಅಂಕದ ಟಿಪ್ಪಣಿ ಬರೆದಿದ್ದಳು. ನಾಲ್ಕೂವರೆ ಬಂದಿತ್ತು. ಈಗ ದಿನಕ್ಕೆ ಮೂರು ಚೌಕ ತುಂಬುತ್ತಿದ್ದಳು.

ಆ ಶನಿವಾರ ಅನ್ನಪೂರ್ಣಮ್ಮನ ಫೋನ್ ಬಂತು. ಹೊಳಲ್ಕೆರೆ ರಸ್ತೆಯ ಬಡಾವಣೆಯಲ್ಲಿ ಮನೆ. ಗಂಡನದು ಮಂಡಿ ವ್ಯಾಪಾರ. ಬಡಾವಣೆಯ ಅರ್ಧ ಮನೆಗಳು ಅವರ ಮಾತಿನ ಮೇಲೆಯೇ ಶರಣ್‌ಗೆ ಗಿರಾಕಿಗಳಾಗಿದ್ದವು.

"ಏನಮ್ಮಾ, ಸೋಮವಾರ ನಮ್ಮನೇಲಿ ಸ್ವಾಮಿಗಳ ಪಾದಪೂಜೆ ಐತೆ. ಲಾನ್ ಕಾಡಾಗೈತೆ, ಬಿಲ್ವದ ಮರ ಮನೆ ಮೇಲೇ ಬಾಗೈತೆ. ನಾಳೆ ಒಬ್ರು ಒಳ್ಳೇರನ್ನ ಕಳ್ಸು. ಒಳ್ಳೇರು ಅಂದ್ರೆ ಗೊತ್ತಾಯ್ತಲ್ಲ?"

"ಗೊತ್ತಾಯ್ತಮ್ಮ" ಎಂದಳು ಯಮುನಾ. ಚೌಕದಲ್ಲಿ 'ಪೂ' ಬರೆದಳು.

ಆದರೆ ರಂಗಯ್ಯ, ಮಾರುತೇಶ್ ಇಬ್ಬರೂ ಹೊಸದುರ್ಗದಲ್ಲಿ ಮದುವೆಯ ಮನೆಯಲ್ಲಿದ್ದರು. ಮಂಗಳವಾರದ ತನಕ ಬರುವವರಲ್ಲ. ಶರಣ್ ಐದು ನಿಮಿಷ ಗಡ್ಡ ಕೆರೆದುಕೊಂಡ. ಆಮೇಲೆ ಕಿಟಕಿಯತ್ತ ಕೂಗಿದ.

"ಲೇ ಜುಂಜಯ್ಯ! ನಾಳೆ ಒಂದಿನ ನೀನು ಗಂಗಾಧರಯ್ಯ."

ಜುಂಜಯ್ಯ ತಮಾಷೆ ಎಂದುಕೊಂಡ. "ಯಾಕ್ ಸಾ, ನಮ್ಮಪ್ಪ ಜುಂಜಪ್ಪ ದೇವರಿಗೆ ಹರಸ್ಕೊಂಡು ಇಟ್ಟ ಹೆಸರು. ಅದೇನು ಕಚ್ಚುತ್ತಾ?"

"ಮಾತು ಬ್ಯಾಡ. ಅನ್ನಪೂರ್ಣಮ್ಮನೋರ ಮನೆ. ಬಿಲ್ವ ಸವರೋ ಕೈ ನಿಂದೊಂದೇ ಇರೋದು. ಹೋಗ್ತೀಯೋ, ಸೋಮವಾರದಿಂದ ಮನೇಲೇ ಕುಂತ್ಕಂತೀಯೋ?"

ಜುಂಜಯ್ಯ ಮಗಳನ್ನು ನೋಡಲಿಲ್ಲ. ಸರಳು ಹಿಡಿದುಕೊಂಡ. "ಹೋಗ್ತೀನಿ ಸಾ."

"ಯಮುನಾ, ಬ್ಯಾಡ್ಜ್ ಮಾಡು. ಗಂಗಾಧರಯ್ಯ, ಸೀನಿಯರ್ ಗಾರ್ಡನರ್."

ಯಮುನಾ ಟೈಪ್ ಮಾಡಿದಳು. ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಹಾಕಿಸಿದಳು. ಅಪ್ಪನಿಗೆ ಬೇರೆ ಹೆಸರಿಡುವಾಗ ಮಗಳ ಕೈ ನಡುಗಲಿಲ್ಲ. ನಡುಗದೇ ಇದ್ದದ್ದನ್ನು ಅವಳು ಡೈರಿಯಲ್ಲಿ ಬರೆದುಕೊಂಡಳು.

ಭಾನುವಾರ ಶರಣ್ ಅವಳನ್ನೂ ಜೊತೆಗೆ ಕಳಿಸಿದ. ಕೆಲಸಕ್ಕೆ ಮೊದಲು ಒಂದಿಷ್ಟು ಫೋಟೊ, ಆಮೇಲೆ ಒಂದಿಷ್ಟು. ಅವನ ಅಂಗಡಿಯ ಜಾಹೀರಾತಿಗೆ. ಆಟೊದಲ್ಲಿ ಇಬ್ಬರ ಕಾಲ ನಡುವೆ ಹುಲ್ಲು ಕತ್ತರಿಸುವ ಮಿಷನ್ನು. ಜುಂಜಯ್ಯ ಹಸಿರು ಯೂನಿಫಾರ್ಮಿನ ಜೇಬಿನ ಮೇಲೆ ಬ್ಯಾಡ್ಜು ಸಿಕ್ಕಿಸಿಕೊಂಡು ಮೆಲ್ಲಗೆ ಕೇಳಿದ:

"ಹೆಂಗೆ ಕಾಣ್ತೀನವ್ವಾ?"

ಅವಳು ಹೊರಗೆ ನೋಡಿದಳು.

"ಗಂಗಾಧರಯ್ಯನ ಮಗಳು ಅಂದ್ರೆ ನಿಂಗೂ ಬಡ್ತಿ ಸಿಕ್ತು ಬಿಡು" ಎಂದು ನಕ್ಕ. ಅವಳಿಗೂ ನಗು ಬಂತು.

ಅನ್ನಪೂರ್ಣಮ್ಮ ಗೇಟಿನ ತನಕ ಬಂದರು. ಬ್ಯಾಡ್ಜಿನ ಮೇಲೆ ಕಣ್ಣಾಡಿಸಿದರು. "ಬರ್ರಿ ಗಂಗಾಧರಯ್ಯನೋರೆ, ಬರ್ರಿ. ಬಿಸಿಲಾಗೆ ಬಂದೀರಿ, ಒಂದ್ಗಳಿಗೆ ಕುಂತ್ಕಳ್ರಿ."

ಜುಂಜಯ್ಯ ಹಿಂದೆ ತಿರುಗಿ ನೋಡಿದ. ಯಾರನ್ನು ಕರೆಯುತ್ತಿದ್ದಾರೆ ಎಂದು.

ಕೆಲಸ ಹಿಡಿದ. ಬಿಸಿಲು ಬಂಡೆಗೆ ಬಿದ್ದು ಮೈಗೆ ಎಗರುವ ಊರು. ಮೊಣಕಾಲೆತ್ತರ ಬೆಳೆದ ಹುಲ್ಲು. ಅದರೊಳಗೆ ಮನೆ ಕಟ್ಟಿದಾಗ ಉಳಿದ ಜಲ್ಲಿ. ಮಿಷನ್ನಿನ ಬ್ಲೇಡಿಗೆ ಸಿಕ್ಕ ಕಲ್ಲುಗಳು ಟಪ್ಪನೆ ಹಾರಿ ಕಣಕಾಲಿಗೆ ಬಡಿಯುತ್ತಿದ್ದವು. ಪ್ಯಾಂಟು ಒಂದು ಕಡೆ ಒದ್ದೆಯಾಯಿತು. ಬೆವರಲ್ಲ, ರಕ್ತ. ಅವನು ನಿಲ್ಲಿಸಲಿಲ್ಲ. ಮಿಷನ್ನು ನಿಂತಾಗಲೂ ಕೈ ನಡುಗುತ್ತಲೇ ಇತ್ತು. ಆ ಕೈಯಲ್ಲಿ ಅನ್ನ ಕಲಸಲೂ ಬರುವುದಿಲ್ಲ ಎಂದು ಯಮುನಾಳಿಗೆ ಗೊತ್ತು. ಎಷ್ಟೋ ಸಂಜೆ ಅವಳೇ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಕೊಟ್ಟಿದ್ದಳು. ಇಲ್ಲಿ ಅವಳು ನೆರಳಿನಲ್ಲಿ ನಿಂತು ಫೋಟೊ ತೆಗೆದಳು.

ಹುಲ್ಲು ಮುಗಿಸಿ ಬಿಲ್ವದ ಮರ ಹತ್ತಿದ. ಮುಳ್ಳಿನ ಮರ. ಕೆಳಗೆ ಬಂದಾಗ ಮುಂಗೈ ತುಂಬ ಗೀರು. ಆದರೆ ಮರಕ್ಕೆ ಮರವೇ ತಲೆ ಬಾಚಿಕೊಂಡಂತಿತ್ತು. ಅನ್ನಪೂರ್ಣಮ್ಮ ಬಾಯ್ತುಂಬ ಹೊಗಳಿದರು. "ಕೈ ಅಂದ್ರೆ ಇದು ನೋಡ್ರಿ. ಹಂಗೇ ಒಂದು ಬುಟ್ಟಿ ಪತ್ರೆನೂ ಬಿಡಿಸಿ ಕೊಡ್ರಿ, ನಾಳೆ ಪೂಜೆಗೆ."

ಜುಂಜಯ್ಯನ ಬೆರಳು ಒಂದು ಕ್ಷಣ ನಿಂತಿತು. ಅವನು ಮಗಳನ್ನು ನೋಡಿದ. ಅವಳು ನೆಲ ನೋಡಿದಳು. ಅವನು ಬಿಡಿಸಿದ. ಮೂರೆಲೆ ಹರಿಯದಂತೆ, ಒಂದೊಂದೇ. ಬುಟ್ಟಿ ದೇವರ ಕೋಣೆಗೆ ಹೋಯಿತು.

ಕಾಫಿ ಬಂತು. ಸ್ಟೀಲ್ ಲೋಟದಲ್ಲಿ. ಜುಂಜಯ್ಯ ಜಗಲಿಯ ಅಂಚಿಗೆ ಕುಳಿತು ಕುಡಿದ. ಕುಡಿದು ಎದ್ದವನು ಸೀದಾ ಹಿತ್ತಲ ನಲ್ಲಿಗೆ ಹೋದ. ಲೋಟ ತೊಳೆದ. ಎರಡು ಸಲ ಗಲಬರಿಸಿದ. ತಂದು ಕಾಂಪೌಂಡ್ ಗೋಡೆಯ ಮೇಲೆ ಬೋರಲು ಹಾಕಿದ.

ಐವತ್ತು ವರ್ಷದ ಅಭ್ಯಾಸ. ಹೆಸರು ಬದಲಿಸಿದ್ದರು. ಕೈಗೆ ಯಾರೂ ಹೇಳಿರಲಿಲ್ಲ.

ಯಮುನಾ ಆ ಲೋಟ ನೋಡಿದಳು. ಓಡಿಹೋಗಿ ಅದನ್ನು ಎತ್ತಿಕೊಳ್ಳಬೇಕೆನ್ನಿಸಿತು. ಅಷ್ಟರಲ್ಲಿ ಅನ್ನಪೂರ್ಣಮ್ಮನೂ ನೋಡಿದ್ದರು.

"ಅದ್ಯಾಕೆ ತೊಳೆಯೋಕೆ ಹೋದ್ರಿ?" ದನಿಯಲ್ಲಿದ್ದ ಬೆಣ್ಣೆ ಕರಗಿಹೋಗಿತ್ತು. "ನಿಮ್ದು ಯಾವೂರು ಅಂದ್ರಿ?"

"ಹರಿಯಬ್ಬೆ ಕಡೆ... ತಾಯಿ."

"ಹೌದಾ? ನಮ್ಮ ಭಾವನೋರು ಅಲ್ಲೇ ಇರೋದು. ಒಳಗೇ ಮಲಗ್ಯಾರೆ. ತಡೀರಿ, ಕರೀತೀನಿ."

ಒಳಗಿನಿಂದ ಅಜ್ಜಪ್ಪ ಬಂದರು. ಹರಿಯಬ್ಬೆಯ ದಾಳಿಂಬೆ ತೋಟದ ಯಜಮಾನರು. ಟವೆಲ್ಲಿನಿಂದ ಮುಖ ಒರೆಸುತ್ತಾ ಬಂದವರು ಜುಂಜಯ್ಯನನ್ನು ನೋಡಿ ನಿಜಕ್ಕೂ ಸಂತೋಷಪಟ್ಟರು.

"ಲೇ ಜುಂಜಾ! ನೀನೇನ್ಲೇ ಇಲ್ಲಿ? ಅನ್ನಪೂರ್ಣ, ನಮ್ಮ ತೋಟ ಸವರ್ತಿದ್ದೋನು ಇವ್ನೇ ಕಣಮ್ಮ. ಇವ್ನು ಬಿಟ್ಟು ಹೋದ್ಮೇಲೆ ಕಾಯೇ ಸರಿಯಾಗಿ ಹಿಡೀತಿಲ್ಲ. ನಮ್ಮೂರ ಎ.ಕೆ. ಕಾಲೊನಿಯೋನು."

ಹೊಗಳಿಕೆಯೇ ಅವನನ್ನು ಹಿಡಿದುಕೊಟ್ಟಿತು.

ಜುಂಜಯ್ಯನ ಬೆನ್ನು ತಾನಾಗಿ ಬಾಗಿತು. "ಹೌದು ಬುದ್ಧಿ" ಎಂದ.

"ನಿನ್ ಮಗಳೊಬ್ಳು ಡಿಗ್ರಿ ಓದ್ತಿದ್ಲಲ್ಲೋ, ಏನಾದ್ಲು?"

ಯಮುನಾ ಮೂರು ಮಾರು ದೂರದಲ್ಲಿ ಫೋನ್ ಹಿಡಿದು ನಿಂತಿದ್ದಳು. ಎಂಟನೇ ಕ್ಲಾಸಿಗೇ ಹಾಸ್ಟೆಲು ಸೇರಿದವಳನ್ನು ಅಜ್ಜಪ್ಪ ಗುರುತಿಸಲಿಲ್ಲ.

"ಅದಾಳೆ ಬುದ್ಧಿ. ಎಲ್ಲೋ ದೂರದಾಗೆ ಅದಾಳೆ."

ಅನ್ನಪೂರ್ಣಮ್ಮ ಅಷ್ಟು ಹೊತ್ತು ಬ್ಯಾಡ್ಜನ್ನೇ ನೋಡುತ್ತಿದ್ದರು. ಆಮೇಲೆ ಕಿರುಚಿದರು. "ಪತ್ರೆ! ಅಯ್ಯೋ ಶಿವನೇ, ಪತ್ರೆ ದೇವರ ಮುಂದೆ ಇಟ್ಟೀನಿ!"

ಬುಟ್ಟಿ ಹೊರಗೆ ಬಂತು. ಒಂದೊಂದಾಗಿ ಬಿಡಿಸಿದ ಪತ್ರೆ ಒಂದೇ ಸಲಕ್ಕೆ ಅಂಗಳದಲ್ಲಿ ಚೆಲ್ಲಿತು. ಲೋಟವನ್ನು ಕೋಲಿನಲ್ಲಿ ತಳ್ಳಿದರು. ಅದು ಸದ್ದು ಮಾಡುತ್ತಾ ಮೋರಿಯ ಅಂಚಿಗೆ ಉರುಳಿ ಬೋರಲು ಬಿತ್ತು. ಹಜಾರದ ಗೋಡೆಯ ಮೇಲೆ ವಚನ ಬರೆದ ಶರಣರ ದೊಡ್ಡ ಫೋಟೊ ಇತ್ತು. ಮನುಷ್ಯರೆಲ್ಲ ಒಂದೇ ಎಂದವರ ಫೋಟೊ. ಹೂವಿನ ಹಾರ ಹಾಕಿದ್ದರು. ಆ ಹೂವಿನ ಗಿಡವನ್ನು ಸವರುತ್ತಿದ್ದವನು ರಂಗಯ್ಯ.

ಅನ್ನಪೂರ್ಣಮ್ಮ ಫೋನ್ ಮಾಡಿದ ಕಾಲು ಗಂಟೆಯಲ್ಲಿ ಶರಣ್ ಬೈಕಿನಲ್ಲಿ ಬಂದ. ಗೇಟಿನಲ್ಲೇ ಕೈ ಮುಗಿದ.

"ಅಮ್ಮಾ, ನಂಗೂ ಮೋಸ ಮಾಡ್ಯಾನೆ. ಗಂಗಾಧರಯ್ಯ ಅಂತ ಹೇಳ್ಕಂಡು ಕೆಲಸಕ್ಕೆ ಸೇರ್ಕಂಡ. ನಾನು ನಂಬಿಬಿಟ್ಟೆ."

ಜುಂಜಯ್ಯ ಬ್ಯಾಡ್ಜನ್ನು ಅಂಗೈಯಲ್ಲಿ ಮುಚ್ಚಿಕೊಂಡ.

"ಬಿಚ್ಚೋ ಯೂನಿಫಾರ್ಮು. ನನ್ನ ಕಂಪನಿ ಹೆಸರು ಹಾಳು ಮಾಡಿದೆ. ಬಿಚ್ಚು!"

ಜುಂಜಯ್ಯ ಗುಂಡಿ ಬಿಚ್ಚತೊಡಗಿದ. ಮಿಷನ್ನು ಹಿಡಿದು ಮರಗಟ್ಟಿದ ಬೆರಳಿಗೆ ಗುಂಡಿ ಸಿಗುತ್ತಿರಲಿಲ್ಲ. ಒಂದೊಂದು ಗುಂಡಿಗೂ ಮೂರು ಮೂರು ಸಲ ತಡಕಾಡಿದ. ಎಲ್ಲರೂ ಕಾದರು. ಯಾರೂ ಸಾಕು ಎನ್ನಲಿಲ್ಲ. ಕೊನೆಗೆ ತೂತು ಬನಿಯನ್ನಿನಲ್ಲಿ ನಿಂತ. ಕುತ್ತಿಗೆಗೆ, ತೋಳಿಗೆ ಹುಲ್ಲಿನ ಚೂರು ಅಂಟಿತ್ತು. ಕಣಕಾಲ ರಕ್ತ ಒಣಗಿತ್ತು.

"ಪೊಲೀಸ್ಗೆ ಫೋನ್ ಮಾಡ್ತೀನಿ. ನಾಳೆ ಸ್ವಾಮಿಗಳು ಬರೋ ಮನೆ ಇದು" ಎಂದರು ಅನ್ನಪೂರ್ಣಮ್ಮ.

"ಅಮ್ಮಾ, ಅಷ್ಟು ದೂರ ಬ್ಯಾಡ. ತಪ್ಪೊಪ್ಪಿಗೆ ಬರೆಸ್ಕೊಡ್ತೀನಿ. ಬಡಾವಣೆ ಗ್ರೂಪಿಗೆ ಹಾಕಿಬಿಡ್ರಿ. ಇನ್ನು ಈ ಊರಾಗೆ ಯಾರೂ ಇವ್ನ ಕೈಗೆ ಕತ್ತರಿ ಕೊಡಬಾರ್ದು." ಶರಣ್ ಬೈಕಿನ ಪೆಟ್ಟಿಗೆಯಿಂದ ಕಾಗದ ತೆಗೆದ. "ಯಮುನಾ, ಬಾ ಇಲ್ಲಿ. ನಿನ್ ಅಕ್ಷರ ಚೆನ್ನಾಗೈತೆ. ಬರಿ."

ಅವಳು ಬಂದಳು. ಜಗಲಿಯ ಮೇಲೆ ಕಾಗದವಿಟ್ಟು ಬಗ್ಗಿದಳು. ಶರಣ್ ಹೇಳತೊಡಗಿದ.

"ನಾನು, ಜುಂಜಯ್ಯ, ಹಿರಿಯೂರು ತಾಲ್ಲೂಕು ಹರಿಯಬ್ಬೆ ವಾಸಿ..."

ಬರೆದಳು. ದುಂಡನೆಯ ಅಕ್ಷರ. ನಿನ್ನೆ ಬ್ಯಾಡ್ಜಿನಲ್ಲಿ ಬದಲಿಸಿದ್ದ ಅಪ್ಪನ ಹೆಸರನ್ನು ಈಗ ಸರಿಯಾಗಿ ಬರೆದಿದ್ದಳು. ಅಲ್ಲಿಯವರೆಗೆ ಎಲ್ಲ ನಿಜವಿತ್ತು.

"...ನನ್ನ ಜಾತಿ ಮುಚ್ಚಿಟ್ಟು, ಗಂಗಾಧರಯ್ಯ ಎಂದು ಸುಳ್ಳು ಹೆಸರು ಹೇಳಿ, ಮಾಲೀಕರಿಗೂ ಮನೆಯವರಿಗೂ ಮೋಸ ಮಾಡಿರುತ್ತೇನೆ. ಬರೆದೆಯಾ?"

ಪೆನ್ನು ನಿಂತಿತ್ತು.

ಜಾತಿ ಮುಚ್ಚಿಟ್ಟವರು ಯಾರು? ಅಪ್ಪ ಕಿಟಕಿಯಾಚೆ ನಿಂತು, ಕ್ಯಾನಿನ ನೀರು ಕುಡಿದು, ಏನನ್ನೂ ಮುಚ್ಚಿಟ್ಟಿರಲಿಲ್ಲ. ಮುಚ್ಚಿಟ್ಟವಳು ಫ್ಯಾನಿನ ಕೆಳಗೆ ಕುಳಿತಿದ್ದಳು. ಈ ಸಾಲನ್ನು ಅವಳು ಬರೆದರೆ ನಾಳೆಯೂ ಆ ಕುರ್ಚಿ ಇರುತ್ತದೆ. ಅಪ್ಪನಿಗೆ ಕತ್ತರಿ ಇರುವುದಿಲ್ಲ.

"ಬರಿಯಮ್ಮ. ಏನ್ ನೋಡ್ತಿದೀಯಾ?" ಎಂದ ಶರಣ್.

ಅವಳು ಪೆನ್ನಿನ ಮುಚ್ಚಳ ಹಾಕಿದಳು. "ಬರಿಯಲ್ಲ ಸರ್." ದನಿ ಅವಳಿಗೇ ಕೇಳಿಸಲಿಲ್ಲ.

"ಏನಂದೆ?"

ಜುಂಜಯ್ಯನಿಗೆ ಕೇಳಿಸಿತ್ತು. ಬನಿಯನ್ನಿನಲ್ಲಿದ್ದವನು ಎರಡು ಹೆಜ್ಜೆ ಮುಂದೆ ಬಂದ. ಮುಖದಲ್ಲಿ ಭಯ. ಯೂನಿಫಾರ್ಮು ಬಿಚ್ಚಿಸಿದಾಗಲೂ ಇಲ್ಲದ ಭಯ.

"ಬರೀರಿ ಮೇಡಂ. ನಾನು ಹೆಬ್ಬೆಟ್ಟು ಒತ್ತುತೀನಿ. ನಂದೇ ತಪ್ಪು." ಅವಳು ಅಲ್ಲಾಡಲಿಲ್ಲ. ಅವನ ದನಿ ಒಡೆಯಿತು. "ಸುಮ್ನೆ ಬರಿಯೇ ಅವ್ವಾ!"

ಅಜ್ಜಪ್ಪ ಕಣ್ಣು ಕಿರಿದು ಮಾಡಿ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದರು. "ಏನ್ಲಾ, ಅವ್ವಾ ಅಂದೆ?"

"ಬಾಯಿ ತಪ್ತು ಬುದ್ಧಿ" ಎಂದ ಜುಂಜಯ್ಯ. ತಡವರಿಸುತ್ತಿದ್ದ. "ಹಳ್ಳಿ ನಾಲಿಗೆ. ಎಲ್ಲಾ ಹೆಣ್ಮಕ್ಕಳ್ನೂ ಹಂಗೇ ಅಂತೀನಿ. ದೊಡ್ಡೋರ ಮನೆ ಮಗ್ಳು ಅವ್ರು. ನನಗೂ ಅವ್ರಿಗೂ ಏನೂ ಇಲ್ಲ."

ಅವಳು ಹೆದರಿದ್ದು ಇದಕ್ಕೇ. ಆಗಿಹೋಗಿತ್ತು. ಆಕಾಶ ಬಿದ್ದಿರಲಿಲ್ಲ. ಅಪ್ಪ ಅದನ್ನೂ ಮುಚ್ಚಿ, ಮಗಳಿಗೆ ಹೋಗಲು ಬಾಗಿಲು ತೆರೆದು ಹಿಡಿದಿದ್ದ. ಅವಳು ಸುಮ್ಮನಿದ್ದರೆ ಸಾಕಿತ್ತು. ಇಷ್ಟು ದಿನ ಇದ್ದಂತೆ.

ಮೋರಿಯ ಅಂಚಿಗೆ ಆ ಲೋಟ ಇನ್ನೂ ಬೋರಲು ಬಿದ್ದಿತ್ತು. ಯಮುನಾ ಹೋಗಿ ಅದನ್ನು ಎತ್ತಿಕೊಂಡಳು. ಜಗಲಿ ಹತ್ತಿ ಕಾಗದದ ಮೇಲೆ ನೆಟ್ಟಗೆ ಇಟ್ಟಳು. ಶರಣ್ ಕಡೆ ತಿರುಗಿದಳು. ಈ ಸಲ ದನಿ ಗೇಟಿನಾಚೆಗೂ ಕೇಳಿಸಿತು.

"ನಮ್ಮಪ್ಪನ ಬಾಯಿ ತಪ್ಪಿಲ್ಲ. ಗಂಗಾಧರಯ್ಯ ಅಂತ ಹೆಸರಿಟ್ಟಿದ್ದು ನೀವು. ಅದನ್ನ ಬ್ಯಾಡ್ಜಿಗೆ ಬರೆದಿದ್ದು ನಾನು, ಜುಂಜಯ್ಯನ ಮಗಳು."